ಹಳೆ ಉಜ್ಜುಗೊರಡಿಗೆ ಸಾವಿರ ಡಾಲರ್: ಇದು ನಿಜವೇ?

ನಿಜ, ಆದರೆ ಎಲ್ಲದಕ್ಕೂ ಅಲ್ಲ. ಅಮೆರಿಕದ ಹರಾಜುಗಳಲ್ಲಿ ಸ್ಟ್ಯಾನ್ಲಿ ನಂ. 1 ಎಂಬ ಐದೂವರೆ ಅಂಗುಲದ ಉಜ್ಜುಗೊರಡು ಸಾವಿರ ಡಾಲರ್ ದಾಟುವುದುಂಟು. ಕೆಲಸಕ್ಕೆ ತೀರಾ ಪುಟ್ಟದು, ಹಾಗಾಗಿ ಅಂದು ಕೊಂಡವರು ಕಡಿಮೆ, ಇಂದು ಸಿಗುವುದೂ ಅಪರೂಪ. ಬಡಗಿಗಳು ನಿಜಕ್ಕೂ ಬಳಸಿದ ನಂ. 5 ಲಕ್ಷಗಟ್ಟಲೆ ತಯಾರಾಯಿತು. ಅದಕ್ಕೆ ಸಾಮಾನ್ಯವಾಗಿ ಇದರ ಹತ್ತನೇ ಒಂದು ಭಾಗವೂ ಹುಟ್ಟದು.

ಒಂದೇ ಮಾದರಿಗೆ ಎರಡು ಹರಾಜಿನಲ್ಲಿ ಎರಡು ಬೆಲೆ ಏಕೆ? ಬೆಲೆ ನಿಲ್ಲುವುದು ಸೋತವರಲ್ಲಿ ಕೊನೆಯವರೆಗೆ ಕೂಗಿದವರ ಮೇಲೆ. ಗೆಲ್ಲುವವರು ಅವರಿಗಿಂತ ಒಂದು ಕೂಗು ಮುಂದಿದ್ದರೆ ಸಾಕು. ಆ ಹಟಮಾರಿ ಅಂದು ಬಾರದಿದ್ದರೆ ಬೆಲೆ ಅರ್ಧಕ್ಕೇ ನಿಲ್ಲಬಹುದು! ಆದ್ದರಿಂದ ಫಾರ್ವರ್ಡ್‌ನಲ್ಲಿ ಬಂದ ಒಂದು ಬೆಲೆಯನ್ನು ನಾವು ಮಾರುಕಟ್ಟೆ ಬೆಲೆ ಎನ್ನುವುದಿಲ್ಲ.

'ಮಾರಿಕೊಡುತ್ತೇವೆ, ಮೊದಲು ಶುಲ್ಕ ಕಳಿಸಿ' ಎಂದರೆ ಕಳಿಸಬೇಡಿ. ಹಳೆ ನೋಟು, ನಾಣ್ಯಗಳ ಹೆಸರಿನಲ್ಲಿ ನಡೆಯುವ ಇಂಥದೇ ವಂಚನೆ ಬಗ್ಗೆ ಆರ್‌ಬಿಐ 2021ರಲ್ಲೇ ಎಚ್ಚರಿಸಿದೆ.