ಕರಗುವ ಲಕೋಟೆ: ಲಿಪಿಡ್ ವಾಹಕಗಳ ಅರವತ್ತು ವರ್ಷ



2021ರಲ್ಲಿ ಕೋವಿಡ್ ಲಸಿಕೆಗಾಗಿ ಸಾಲುಗಟ್ಟಿ ನಿಂತ ದಿನಗಳು ನಿಮಗೆ ನೆನಪಿರಬಹುದು. ಊರಲ್ಲಿದ್ದ ನಮ್ಮಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಕೋವಿಶೀಲ್ಡ್ ಅಥವಾ ಕೋವ್ಯಾಕ್ಸಿನ್. ಗಲ್ಫ್ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದ ನಮ್ಮ ಅನೇಕ ಸಹೋದರರು ಪಡೆದದ್ದು ಫೈಝರ್ ಲಸಿಕೆ. ಅದು ಎಂಆರ್‌ಎನ್‌ಎ ಎಂಬ ಹೊಸ ಬಗೆಯ ಲಸಿಕೆ. "ಒಂದೇ ವರ್ಷದಲ್ಲಿ ತಯಾರಾದ ಮದ್ದನ್ನು ನಂಬುವುದು ಹೇಗೆ? ಅದು ಮೈಯಲ್ಲೇ ಉಳಿದುಬಿಟ್ಟರೆ?" ಎಂಬ ಪ್ರಶ್ನೆ ಆಗ ಮನೆಮನೆಯಲ್ಲೂ ಕೇಳಿಬಂತು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಇತಿಹಾಸದಲ್ಲಿದೆ.

ಕಾಗದ ಮತ್ತು ಲಕೋಟೆ

ಆರ್‌ಎನ್‌ಎ ಎಂಬುದು ಜೀವಕೋಶಕ್ಕೆ ಬರೆದ ಕಾಗದವಿದ್ದಂತೆ. ಇಂಥ ಪ್ರೋಟೀನನ್ನು ತಯಾರಿಸು ಎಂಬ ಆದೇಶ ಅದರಲ್ಲಿರುತ್ತದೆ. ಆದರೆ ಅದನ್ನು ಹಾಗೆಯೇ ರಕ್ತಕ್ಕೆ ಸೇರಿಸಿದರೆ ಅಲ್ಲಿನ ಕಿಣ್ವಗಳು ಕ್ಷಣಮಾತ್ರದಲ್ಲಿ ಚೂರುಚೂರು ಮಾಡುತ್ತವೆ. ಉಳಿದುಕೊಂಡರೂ ಜೀವಕೋಶದ ಕೊಬ್ಬಿನ ಪೊರೆಯನ್ನು ದಾಟುವುದು ಕಷ್ಟ. ಹಾಗಾಗಿ ಕಾಗದಕ್ಕೊಂದು ಲಕೋಟೆ ಬೇಕು.

1960ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ಬಾಬ್ರಹಾಂನಲ್ಲಿ ಅಲೆಕ್ ಬ್ಯಾಂಗಮ್ ಅವರು, ಲೆಸಿಥಿನ್‌ನಂಥ ಕೊಬ್ಬಿನ ಅಣುಗಳು ನೀರಿನಲ್ಲಿ ತಾವಾಗಿಯೇ ಸೇರಿ ಪುಟ್ಟ ಚೀಲಗಳಾಗುವುದನ್ನು ತೋರಿಸಿಕೊಟ್ಟರು. ಈ ಚೀಲಗಳಿಗೆ ಲೈಪೋಸೋಮ್ ಎಂಬ ಹೆಸರು ಬಂತು. 1978ರಲ್ಲಿ ಮೊಲದ ಗ್ಲೋಬಿನ್ ಪ್ರೋಟೀನಿನ ಎಂಆರ್‌ಎನ್‌ಎಯನ್ನು ಇಂಥ ಚೀಲದಲ್ಲಿಟ್ಟು ಇಲಿಯ ಜೀವಕೋಶಗಳಿಗೆ ತಲುಪಿಸಲಾಯಿತು. 1987ರಲ್ಲಿ ಅಮೆರಿಕದ ಫಿಲಿಪ್ ಫೆಲ್ಗ್ನರ್ ಮತ್ತು ಸಂಗಡಿಗರು ಧನ ವಿದ್ಯುದಾವೇಶವಿರುವ ಲಿಪಿಡ್ ಒಂದನ್ನು ತಯಾರಿಸಿದರು. ಡಿಎನ್‌ಎ, ಆರ್‌ಎನ್‌ಎಗಳದು ಋಣ ಆವೇಶವಾದ್ದರಿಂದ ಎರಡೂ ಗಟ್ಟಿಯಾಗಿ ಅಂಟಿಕೊಂಡವು. ಪ್ರಯೋಗಶಾಲೆಗಳಿಗೆ ಇದು ವರದಾನವೇ ಆಯಿತು. ಆದರೆ ಪ್ರಾಣಿಗಳ ದೇಹದಲ್ಲಿ ಈ ಸದಾ ಧನಾವೇಶದ ಲಿಪಿಡ್‌ಗಳು ರಕ್ತದ ಪ್ರೋಟೀನುಗಳಿಗೂ ಅಂಟಿಕೊಂಡವು, ಜೀವಕೋಶಗಳಿಗೆ ವಿಷವೂ ಆದವು.

ಹುಳಿಯಲ್ಲಿ ಮಾತ್ರ ಆವೇಶ

ಈ ಗಂಟನ್ನು ಬಿಡಿಸಲು ಶ್ರಮಿಸಿದವರಲ್ಲಿ ಮುಖ್ಯರು ಕೆನಡಾದ ವ್ಯಾಂಕೂವರ್‌ನ ಪೀಟರ್ ಕಲ್ಲಿಸ್ ಮತ್ತು ಅವರ ಬಳಗ. ಅವರು ಬಳಸಿದ ಲಿಪಿಡ್‌ಗೆ ಆಮ್ಲೀಯ ದ್ರವದಲ್ಲಿ ಮಾತ್ರ ಧನಾವೇಶ ಬರುತ್ತದೆ. ಆದ್ದರಿಂದ ತಯಾರಿಸುವಾಗ ಅದು ಆರ್‌ಎನ್‌ಎಯನ್ನು ಹಿಡಿದುಕೊಳ್ಳುತ್ತದೆ. ರಕ್ತದಲ್ಲಿ ಬಹುಪಾಲು ತಟಸ್ಥವಾಗಿ ಸಾಗುತ್ತದೆ. ಜೀವಕೋಶವು ಈ ಕಣವನ್ನು ನುಂಗಿದಾಗ ಅದು ಸಿಕ್ಕಿಕೊಳ್ಳುವ ಪುಟ್ಟ ಕೋಣೆಯೂ ಆಮ್ಲೀಯವೇ. ಅಲ್ಲಿ ಮತ್ತೆ ಆವೇಶ ಪಡೆದು ಕೋಣೆಯ ಗೋಡೆಯನ್ನು ಕದಡಿ ಕಾಗದವನ್ನು ಹೊರಗೆ ಬಿಡುತ್ತದೆ. ಹೀಗೆ ಹೊರಬರುವುದು ಬಹಳ ಕಡಿಮೆ. 2013ರ ಒಂದು ಅಧ್ಯಯನದ ಪ್ರಕಾರ ನೂರರಲ್ಲಿ ಒಂದೆರಡು ಪಾಲು ಮಾತ್ರ!

ಇದೇ ದಾರಿಯಲ್ಲಿ ನಡೆದು 2018ರಲ್ಲಿ ಪಟಿಸಿರಾನ್ ಎಂಬ ಔಷಧಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದರಲ್ಲಿದ್ದ ಲಿಪಿಡ್‌ನ ಹೆಸರು ಎಂಸಿ3. ನರಗಳನ್ನು ಹಾಳುಮಾಡುವ ಒಂದು ಆನುವಂಶಿಕ ರೋಗಕ್ಕೆ ಅದನ್ನು ಮೂರು ವಾರಗಳಿಗೊಮ್ಮೆ ಕೊಡಬೇಕು. ಇಲ್ಲೇ ಮತ್ತೊಂದು ಚಿಂತೆ ಎದುರಾಗುತ್ತದೆ. ಕಾಗದ ತಲುಪಿದ ಮೇಲೆ ಲಕೋಟೆ ಏನಾಗಬೇಕು? ಮತ್ತೆ ಮತ್ತೆ ಕೊಡುವ ಮದ್ದಿನ ಲಿಪಿಡ್ ಬೇಗ ಕರಗದಿದ್ದರೆ ಯಕೃತ್ತಿನಲ್ಲಿ ಶೇಖರವಾಗುತ್ತದೆ.

ಸಾಬೂನಿನ ಪಾಠ

ಉತ್ತರ ಸಿಕ್ಕಿದ್ದು ಹಳೆಯ ರಸಾಯನಶಾಸ್ತ್ರದಲ್ಲಿ. ಅಲೆಪ್ಪೊ ಮತ್ತು ನಾಬ್ಲುಸ್ ನಗರಗಳ ಕುಶಲಕರ್ಮಿಗಳು ಶತಮಾನಗಳ ಕಾಲ ಆಲಿವ್ ಎಣ್ಣೆಯನ್ನು ಕ್ಷಾರದೊಡನೆ ಕುದಿಸಿ ಸಾಬೂನು ಮಾಡಿದರು. ಸಾಬೂನು ಎಂಬ ಪದವೇ ನಮಗೆ ಅರಬಿಯ ಮೂಲಕ ಬಂದದ್ದು. ಗಿಡದ ಬೂದಿಗೆ ಅರಬಿಯಲ್ಲಿದ್ದ 'ಅಲ್ ಖಲಿ' ಎಂಬ ಹೆಸರಿನಿಂದ ಆಲ್ಕಲಿ ಎಂಬ ಪದ ಹುಟ್ಟಿತು. ಆ ಕಡಾಯಿಯಲ್ಲಿ ಮುರಿಯುವುದು ಎಣ್ಣೆಯೊಳಗಿನ ಎಸ್ಟರ್ ಬಂಧ. ನಾವು ಉಂಡ ಎಣ್ಣೆ, ತುಪ್ಪವನ್ನು ಅರಗಿಸುವಾಗ ದೇಹದ ಕಿಣ್ವಗಳು ಮುರಿಯುವುದೂ ಅದೇ ಬಂಧವನ್ನು.

2013ರಲ್ಲಿ ಅಮೆರಿಕದ ಅಲ್ನೈಲಮ್ ಕಂಪೆನಿಯ ಮಾರ್ಟಿನ್ ಮೇಯರ್ ಮತ್ತು ಸಹೋದ್ಯೋಗಿಗಳು ಎಂಸಿ3ರಂಥ ಲಿಪಿಡ್‌ನ ಉದ್ದನೆಯ ಬಾಲಗಳ ನಡುವೆ ಎಸ್ಟರ್ ಬಂಧವನ್ನು ಸೇರಿಸಿದರು. ಮದ್ದಿನ ಶಕ್ತಿ ಕುಂದಲಿಲ್ಲ; ಕೆಲಸ ಮುಗಿದೊಡನೆ ಬಾಲಗಳು ತುಂಡಾಗಿ ಲಿಪಿಡ್ ಬೇಗನೆ ದೇಹದಿಂದ ಹೊರಹೋಯಿತು. ಮುಂದೆ ಮಾಡರ್ನಾ ಲಸಿಕೆಯಲ್ಲಿ ಬಳಕೆಯಾದ ಎಸ್‌ಎಂ-102, ಫೈಝರ್ ಲಸಿಕೆಯಲ್ಲಿ ಬಳಕೆಯಾದ ಎಎಲ್‌ಸಿ-0315 ಎರಡರ ಬಾಲಗಳಲ್ಲೂ ಎಸ್ಟರ್ ಬಂಧಗಳಿವೆ. ಆದರೆ ಎಲ್ಲ ಎಸ್ಟರ್‌ಗಳೂ ಒಂದೇ ವೇಗದಲ್ಲಿ ಮುರಿಯುವುದಿಲ್ಲ. ಎಎಲ್‌ಸಿ-0315 ಇಲಿಗಳ ಯಕೃತ್ತಿನಿಂದ ತೆರವಾಗಲು ದಿನಗಳೇ ಬೇಕಾದವು. ಆದ್ದರಿಂದ ಇದು ಇನ್ನೂ ಮುಗಿದ ಕೆಲಸವಲ್ಲ.

ಇನ್ನುಳಿದ ದಾರಿ

ಲಕೋಟೆಯ ಜೊತೆಗೆ ಕಾಗದವೂ ಸುಧಾರಿಸಿತು. ಕ್ಯಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ಪ್ರಕಟಿಸಿದ ಸಂಶೋಧನೆಗೆ 2023ರ ನೊಬೆಲ್ ಬಂತು. ಫೈಝರ್ ಜೊತೆಗೂಡಿ ಲಸಿಕೆ ರೂಪಿಸಿದ ಜರ್ಮನಿಯ ಬಯೋಎನ್‌ಟೆಕ್ ಸಂಸ್ಥೆಯನ್ನು 2008ರಲ್ಲಿ ಕಟ್ಟಿದವರಲ್ಲಿ ಟರ್ಕಿ ಮೂಲದ ದಂಪತಿ ಉಗುರ್ ಶಾಹಿನ್ ಮತ್ತು ಓಝ್ಲೆಮ್ ತುರೇಜಿ ಇದ್ದಾರೆ. ಶಾಹಿನ್ ಅವರ ತಂದೆ ದುಡಿಮೆಗಾಗಿ ಜರ್ಮನಿಗೆ ಹೋಗಿ ಕಲೋನ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಪರದೇಶದಲ್ಲಿ ದುಡಿದು ಮಕ್ಕಳನ್ನು ಓದಿಸುವ ನಮ್ಮ ತಂದೆಯಂದಿರಿಗೆ ಈ ಮಾತು ಹೆಚ್ಚು ಅರ್ಥವಾದೀತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಸಂತನು ಭಟ್ಟಾಚಾರ್ಯ ಮತ್ತು ಶಿಷ್ಯರು ವಂಶವಾಹಿಗಳನ್ನು ಸಾಗಿಸುವ ಲಿಪಿಡ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಫೈಝರ್ ಲಸಿಕೆಯನ್ನು ಮೊದಲಿಗೆ ಮೈನಸ್ 70 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಡಬೇಕಿತ್ತು. 2022ರಲ್ಲಿ ಅನುಮತಿ ಪಡೆದ ಪುಣೆಯ ಜೆನ್ನೋವಾ ಸಂಸ್ಥೆಯ ಎಂಆರ್‌ಎನ್‌ಎ ಲಸಿಕೆಗೆ 2ರಿಂದ 8 ಡಿಗ್ರಿಯ ಸಾಮಾನ್ಯ ಶೀತಕವೇ ಸಾಕಾಯಿತು. 2025ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಯಕೃತ್ತಿನ ಅಪರೂಪದ ಆನುವಂಶಿಕ ದೋಷವಿದ್ದ ಒಂದು ಹಸುಗೂಸಿಗಾಗಿಯೇ ಸಿದ್ಧಪಡಿಸಿದ ವಂಶವಾಹಿ ತಿದ್ದುಪಡಿಯ ಮದ್ದನ್ನು ತಲುಪಿಸಿದ್ದೂ ಲಿಪಿಡ್ ಕಣಗಳೇ.

ಆದ್ದರಿಂದ ಓದುಗರೇ, "ಒಂದೇ ವರ್ಷದ ಮದ್ದು" ಎಂದವರಿಗೆ ಅದರ ಹಿಂದಿನ ಐವತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆಯನ್ನು ತಿಳಿಸಿರಿ. "ಬಿ.ಎಸ್ಸಿ. ಕೆಮಿಸ್ಟ್ರಿ ಓದಿ ಏನು ಪ್ರಯೋಜನ?" ಎಂದು ಮಗಳನ್ನು ಕೇಳುವ ಮುನ್ನ, ಒಂದು ಪುಟ್ಟ ಎಸ್ಟರ್ ಬಂಧ ಮಾಡಿದ ಉಪಕಾರವನ್ನೂ ನೆನಪಿಸಿಕೊಳ್ಳಿರಿ. ಡಾಕ್ಟರು ಕೊಡುವ ಮದ್ದನ್ನು ಯಾರಾದರೂ ಮೊದಲು ಪ್ರಯೋಗಶಾಲೆಯಲ್ಲಿ ಕಂಡುಹಿಡಿಯಲೇಬೇಕಲ್ಲವೇ? ಆ ಕೆಲಸಕ್ಕೂ ನಮ್ಮ ಮಕ್ಕಳು ಹೋಗಲಿ.