ರಮ್ಯ ಕಾವ್ಯದಲ್ಲಿ ನಿಸರ್ಗ ಸೌಂದರ್ಯ ಮತ್ತು ಬಾಳುವ ಆನಂದ

ನಿಸರ್ಗದಲ್ಲಿ ಕಂಡ ಚೆಲುವು ಕಂಡ ಗಳಿಗೆಗೇ ಮುಗಿಯುವುದಿಲ್ಲ, ನೋಡಿದವರ ಬದುಕಿನುದ್ದಕ್ಕೂ ಆನಂದವಾಗಿ ಉಳಿಯುತ್ತದೆ ಎಂಬುದು ರಮ್ಯ ಕಾವ್ಯದ ಮೂಲ ನಂಬಿಕೆಗಳಲ್ಲಿ ಒಂದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಈ ಕಾವ್ಯಮಾರ್ಗ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕನ್ನಡದ ನವೋದಯಕ್ಕೂ ತೆಲುಗಿನ ಭಾವಕವಿತ್ವಕ್ಕೂ ಪ್ರೇರಣೆಯಾಯಿತು. ಕನ್ನಡದಲ್ಲಿ ಈ ವಿಷಯ ಬಂದಾಗಲೆಲ್ಲ ಮಲೆನಾಡಿನ ಕಾಡು, ಧಾರವಾಡದ ಶ್ರಾವಣ, ಮೇಲುಕೋಟೆಯ ಬೆಟ್ಟಗಳ ಮಾತು ಬರುತ್ತದೆ. ಬರದ ಸೀಮೆಯ ಮಾತು ಬರುವುದು ಕಡಿಮೆ. ರೊದ್ದಂ, ಪೆನುಗೊಂಡೆ, ಹಿಂದೂಪುರ, ಕಲ್ಯಾಣದುರ್ಗಗಳ ಗಡಿನಾಡು ಈ ಚರ್ಚೆಗೆ ಕೊಟ್ಟದ್ದು ಸಣ್ಣದಲ್ಲ. ಅದನ್ನು ಬಿಟ್ಟರೆ ವಿಷಯ ಅರ್ಧವಾಗುತ್ತದೆ.

ಇಂಗ್ಲಿಷ್ ಮೂಲ

ವರ್ಡ್ಸ್‌ವರ್ತ್ (1770–1850) ಮತ್ತು ಕೋಲ್‌ರಿಜ್ 1798ರಲ್ಲಿ ಕೂಡಿ ಹೊರತಂದ ಕವನ ಸಂಗ್ರಹದಿಂದ ಈ ಮಾರ್ಗದ ಇತಿಹಾಸವನ್ನು ಎಣಿಸುವುದು ವಾಡಿಕೆ. ಆನಂದ ಹೇಗೆ ಉಳಿಯುತ್ತದೆ ಎಂಬುದಕ್ಕೆ ವರ್ಡ್ಸ್‌ವರ್ತನ ಡ್ಯಾಫೊಡಿಲ್ ಕವಿತೆ ಹುಟ್ಟಿದ ಬಗೆಯೇ ಒಳ್ಳೆಯ ಸಾಕ್ಷಿ. 1802ರ ಏಪ್ರಿಲ್ 15ರಂದು ಅವನೂ ತಂಗಿ ಡೊರೊಥಿಯೂ ಅಲ್ಸ್‌ವಾಟರ್ ಸರೋವರದ ದಡದಲ್ಲಿ ನಡೆದು ಬರುವಾಗ ಆ ಹಳದಿ ಹೂಗಳ ಸಾಲನ್ನು ಕಂಡರು. ಗಾಳಿ ಜೋರಾಗಿತ್ತು. ಡೊರೊಥಿ ತನ್ನ ದಿನಚರಿಯಲ್ಲಿ ಅದನ್ನೆಲ್ಲ ವಿವರವಾಗಿ ಬರೆದಿಟ್ಟಳು. ಅಣ್ಣ ಆಗ ಬರೆಯಲಿಲ್ಲ. ಎರಡು ವರ್ಷ ಕಳೆದು 1804ರಲ್ಲಿ ಕವಿತೆ ಬಂತು, 1807ರಲ್ಲಿ ಅಚ್ಚಾಯಿತು. ಮನಸ್ಸಿನ ಒಳಗಣ್ಣಿಗೆ ಆ ಹೂಗಳು ಮತ್ತೆ ಹೊಳೆಯುವುದನ್ನು ಹೇಳುವ ಎರಡು ಸಾಲುಗಳನ್ನು ಕೊಟ್ಟವಳು ಹೆಂಡತಿ ಮೇರಿ. ಒಬ್ಬಳು ಕಂಡು ಬರೆದಿಟ್ಟಳು, ಇನ್ನೊಬ್ಬಳು ಮಾತು ಕೂಡಿಸಿದಳು, ಕವಿ ನೆನೆದು ಹಾಡಿದ. ಏಕಾಂತದ ಕವಿತೆಯೆಂದು ಹೆಸರಾದ ಇದರಲ್ಲಿ ಮೂವರ ನೆನಪು ಸೇರಿದೆ ಎಂಬುದನ್ನು ಪಾಠ ಹೇಳುವವರು ಮರೆಯುತ್ತಾರೆ.

ಕೀಟ್ಸ್ (1795–1821) 1818ರ ತನ್ನ ‘ಎಂಡಿಮಿಯನ್’ ಕಾವ್ಯವನ್ನು ಚೆಲುವಾದದ್ದು ಎಂದೆಂದಿಗೂ ಆನಂದ ಕೊಡುತ್ತದೆ ಎಂಬ ಭರವಸೆಯಿಂದಲೇ ಆರಂಭಿಸಿದ. ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮ ಟಾಮ್ ಕ್ಷಯದಿಂದ ತೀರಿಕೊಂಡ. ಮರುವರ್ಷದ ಪ್ರಗಾಥಗಳಲ್ಲಿ ಆ ಭರವಸೆ ಉಳಿದಿದೆ, ಆದರೆ ಸಾವಿನ ಅರಿವು ಅದರ ಪಕ್ಕದಲ್ಲೇ ಇದೆ: ನೈಟಿಂಗೇಲ್ ಹಕ್ಕಿಯ ಹಾಡು ಬಾಳುತ್ತದೆ, ಕೇಳುವವನು ಬಾಳುವುದಿಲ್ಲ. ಇಪ್ಪತ್ತೈದನೆಯ ವಯಸ್ಸಿನಲ್ಲಿ ರೋಮ್ ನಗರದಲ್ಲಿ ಕೀಟ್ಸನೂ ಕ್ಷಯಕ್ಕೇ ಬಲಿಯಾದ. ಕೋಲ್‌ರಿಜ್ ಮಾತ್ರ 1802ರಲ್ಲೇ ತನ್ನ ಖಿನ್ನತೆಯ ಪ್ರಗಾಥದಲ್ಲಿ ಬೇರೆ ಮಾತು ಹೇಳಿದ್ದ. ನೋಡುವವನ ಒಳಗೆ ಸಂತೋಷ ಬತ್ತಿದ್ದರೆ ಚಂದ್ರ ತಾರೆಗಳು ಕಣ್ಣಿಗೆ ಬಿದ್ದರೂ ಎದೆಗೆ ಇಳಿಯುವುದಿಲ್ಲ ಎಂಬುದು ಅವನ ಅನುಭವ. ನಿಸರ್ಗವೇ ಆನಂದ ಕೊಡುತ್ತದೆಯೋ, ನಾವು ಅದಕ್ಕೆ ಕೊಟ್ಟದ್ದನ್ನೇ ಮರಳಿ ಪಡೆಯುತ್ತೇವೆಯೋ ಎಂಬ ಈ ಪ್ರಶ್ನೆಯನ್ನು ಕನ್ನಡ ಕವಿಗಳು ತಮ್ಮದೇ ದಾರಿಯಲ್ಲಿ ಎದುರಿಸಿದರು.

ಕನ್ನಡದ ನೆಲದಲ್ಲಿ

ಹಳಗನ್ನಡ ಮಹಾಕಾವ್ಯಗಳಲ್ಲಿ ಸಮುದ್ರ, ಪರ್ವತ, ಋತು, ಸೂರ್ಯೋದಯಗಳು ಅಷ್ಟಾದಶ ವರ್ಣನೆಗಳ ಲೆಕ್ಕದಲ್ಲಿ ಬರುತ್ತಿದ್ದವು. ಹೆಚ್ಚಿನ ಕಡೆ ಅವು ಕಥೆಗೆ ಹಿನ್ನೆಲೆ. ಪಂಪನ ಬನವಾಸಿ ಇದಕ್ಕೆ ದೊಡ್ಡ ಅಪವಾದ. 941ರ ಆ ಕವಿ ಅರ್ಜುನನ ನೆಪದಲ್ಲಿ ತನ್ನ ನಾಡಿನ ನೆನಪನ್ನೇ ಹಾಡಿದ. ದೂರವಿದ್ದರೂ ಮನಸ್ಸು ಬಿಡದೆ ನೆನೆಯುವ ಆ ತುಡಿತ ವರ್ಡ್ಸ್‌ವರ್ತನಿಗಿಂತ ಎಂಟೂವರೆ ಶತಮಾನ ಹಿಂದಿನದು.

ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊಸ ಛಂದಸ್ಸಿನ ಜೊತೆಗೆ ಹೊಸ ನೋಟವನ್ನೂ ತಂದಿತು: ಹೂವು, ಹಕ್ಕಿ, ಬೆಳಗು ತಾವೇ ಕವಿತೆಯ ವಸ್ತುವಾಗಬಹುದು ಎಂಬ ಧೈರ್ಯ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರ ಗಾಳಿಯಲ್ಲಿ ಬೆಳೆದ ಕುವೆಂಪು 1922ರಲ್ಲಿ ಇಂಗ್ಲಿಷ್ ಕವನಗಳ ಪುಸ್ತಕ ಪ್ರಕಟಿಸಿದ್ದರು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯಲು ಹೇಳಿದ ಮೇಲೆ ಕನ್ನಡಕ್ಕೆ ತಿರುಗಿದರು. 1930ರಲ್ಲಿ ‘ಕೊಳಲು’ ಬಂತು. ಕುಪ್ಪಳಿಯ ಕಾಡನ್ನು ಅವರು ಹೆಚ್ಚಾಗಿ ಬರೆದದ್ದು ಮೈಸೂರಿನಲ್ಲಿ ಕುಳಿತು. 1933ರ ‘ಮಲೆನಾಡಿನ ಚಿತ್ರಗಳು’ ಇಡಿಯಾಗಿ ಊರು ಬಿಟ್ಟವರ ನೆನಪಿನ ಪುಸ್ತಕ.

ಆದರೆ ಕುವೆಂಪು ನೆನಪಿನಲ್ಲೇ ನಿಲ್ಲುವುದಿಲ್ಲ. ‘ಪಕ್ಷಿಕಾಶಿ’ (1946) ಸಂಗ್ರಹದ ‘ದೇವರು ರುಜು ಮಾಡಿದನು’ ಕವಿತೆಯಲ್ಲಿ ತುಂಗೆಯ ಮೇಲಿನ ಆಕಾಶದಲ್ಲಿ ಬೆಳ್ಳಕ್ಕಿಗಳ ಸಾಲು ಹಾರುತ್ತದೆ. ಕಾಡು, ಹೊಳೆ, ಬಾನು ಸೇರಿದ ದೊಡ್ಡ ಚಿತ್ರ ಮುಗಿದ ಮೇಲೆ ಚಿತ್ರಕಾರ ಹಾಕಿದ ಸಹಿಯಾಗಿ ಆ ಸಾಲು ಕಾಣುತ್ತದೆ. ವರ್ಡ್ಸ್‌ವರ್ತನಿಗೆ ಆನಂದ ನೆನಪಿನಿಂದ ಬಾಳುತ್ತದೆ; ಕುವೆಂಪು ಅವರಿಗೆ ಅದು ಬಾಳುವುದು ಕಂಡದ್ದರ ಹಿಂದೆ ಬಾಳುವುದೊಂದು ಇರುವುದರಿಂದ. ಉಪನಿಷತ್ತಿನಿಂದ ಹೆಸರು ಪಡೆದ ‘ರಸೋ ವೈ ಸಃ’ ಎಂಬ ಅವರ ವಿಮರ್ಶಾಕೃತಿ ಈ ನಿಲುವನ್ನು ಬಿಡಿಸಿ ಹೇಳುತ್ತದೆ. ಬೇಂದ್ರೆಯವರ ‘ಗರಿ’ (1932) ಸಂಗ್ರಹದ ‘ಬೆಳಗು’ ಕೂಡ ಮುಂಜಾನೆಯ ವರ್ಣನೆಯಿಂದ ಹೊರಟು ಅದಕ್ಕಿಂತ ದೊಡ್ಡದೊಂದರ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಅಲ್ಲಿ ಕಣ್ಣಿನಷ್ಟೇ ಕೆಲಸ ಕಿವಿಗೂ ಇದೆ. ಪು.ತಿ. ನರಸಿಂಹಾಚಾರ್ಯರು ಭವನಿಮಜ್ಜನ ಚಾತುರ್ಯ, ಲಘಿಮಾ ಕೌಶಲ ಎಂಬ ಎರಡು ಶಕ್ತಿಗಳನ್ನು ಕವಿಯಲ್ಲಿ ಕಂಡರು. ಬದುಕಿನಲ್ಲಿ ಮುಳುಗಬೇಕು, ಮುಳುಗಿಯೂ ಹಗುರಾಗಿ ಮೇಲೆ ತೇಲಬೇಕು. ಕೋಲ್‌ರಿಜನ ಪ್ರಶ್ನೆಗೆ ಕನ್ನಡ ಕೊಟ್ಟ ಉತ್ತರಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಜಿ.ಎಸ್. ಶಿವರುದ್ರಪ್ಪನವರ ‘ಸೌಂದರ್ಯ ಸಮೀಕ್ಷೆ’ ಈ ಇಡೀ ಪರಂಪರೆಯನ್ನು ಶಾಸ್ತ್ರವಾಗಿ ಪರಿಶೀಲಿಸಿದ ಗ್ರಂಥ.

ರೊದ್ದಂ ಸೀಮೆ

ರೊದ್ದಂ ಪೆನುಗೊಂಡೆಗೂ ಪಾವಗಡಕ್ಕೂ ನಡುವೆ, ಉತ್ತರ ಪಿನಾಕಿನಿಯ ದಡದಲ್ಲಿದೆ. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಅದಕ್ಕೆ ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅಥವಾ ಅದರ ತಿರುವುಮುರುವು ಇಲ್ಲಿನ ಹಳ್ಳಿಗಳಲ್ಲಿ ಸಹಜ. ಕುಪ್ಪಳಿಗೆ ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ ಅನಂತಪುರ ಸೀಮೆಯ ಸರಾಸರಿ 550 ಮಿಲಿಮೀಟರಿನ ಆಸುಪಾಸು. ನಂದಿ ಬೆಟ್ಟಗಳ ಕಡೆ ಹುಟ್ಟಿ ಬರುವ ಪಿನಾಕಿನಿ ವರ್ಷದ ಬಹುಪಾಲು ಬರೀ ಮರಳು. ಬಂಡೆ ಬೆಟ್ಟಗಳು, ಕಡಲೆಕಾಯಿ ಹೊಲಗಳು, ಹುಣಸೆ, ಬೇವು, ಕೆರೆ ಏರಿಯ ಜಾಲಿ, ದಾರಿಬದಿಯಲ್ಲಿ ಹಳದಿ ಹೂಬಿಟ್ಟ ತಂಗಡಿ ಗಿಡ. ಹಸಿರು ಇಲ್ಲಿ ಒಂದೆರಡು ಹದಮಳೆಯ ಮೇಲೆ ನಿಂತಿದೆ. ಮಳೆ ಬಿದ್ದ ವಾರದಲ್ಲಿ ಕೆಂಪು ನೆಲ ಬಣ್ಣ ಬದಲಿಸುತ್ತದೆ, ಮುಂದಿನ ಮಳೆ ಕೈಕೊಟ್ಟರೆ ಮತ್ತೆ ಕೆಂಪಾಗುತ್ತದೆ. ಚೆಲುವು ಹೀಗೆ ಬಂದು ಹೋಗುವ ಕಡೆ ಅದನ್ನು ಉಳಿಸುವ ಕೆಲಸ ಪೂರ್ತಿ ನೆನಪಿನ ಮೇಲೆ, ಹಾಡಿನ ಮೇಲೆ ಬೀಳುತ್ತದೆ.

ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಈ ಮಾತಿಗೆ ದೊಡ್ಡ ಉದಾಹರಣೆ. ತಾಯಿಯಿಂದ ಹಾಡು, ತಂದೆಯಿಂದ ಸಂಸ್ಕೃತ ಕಲಿತು, ಮೈಸೂರಿನ ಪರಕಾಲ ಮಠದಲ್ಲಿ ಓದಿ, 1912ರಿಂದ 1949ರವರೆಗೆ ಮಹಾರಾಜ ಕಾಲೇಜಿನಲ್ಲಿ ತೆಲುಗು ಪಂಡಿತರಾಗಿದ್ದರು. ಬಿ.ಎಂ.ಶ್ರೀ ಹೊಸಗನ್ನಡ ಕವಿತೆಯನ್ನು ಕಟ್ಟುತ್ತಿದ್ದದ್ದು, ಕುವೆಂಪು ವಿದ್ಯಾರ್ಥಿಯಾಗಿ ಬಂದು ಅಧ್ಯಾಪಕರಾದದ್ದು ಅದೇ ಕಾಲೇಜಿನಲ್ಲಿ. ಎರಡು ಭಾಷೆಗಳ ನವೋದಯಗಳು ಒಂದೇ ಜಗಲಿಯಲ್ಲಿ ಓಡಾಡಿದ ಕಾಲ ಅದು.

ಶರ್ಮರು ಪ್ರಾಕೃತದ ಗಾಥಾಸಪ್ತಶತಿಯಿಂದ ಆಯ್ದ ಪದ್ಯಗಳನ್ನು ತೆಲುಗಿಗೆ ತಂದರು. ಶಾತವಾಹನ ದೊರೆ ಹಾಲನ ಹೆಸರಿನಲ್ಲಿರುವ ಆ ಸಂಕಲನದಲ್ಲಿ ದಖ್ಖನಿನ ಹೊಲ, ಹೊಳೆ, ಮಳೆಮೋಡ, ದುಡಿಯುವ ಹೆಣ್ಣುಗಂಡುಗಳು ತುಂಬಿದ್ದಾರೆ. ನಿಸರ್ಗ ಅಲ್ಲಿ ನೋಡಲೆಂದು ಹೋಗುವ ಜಾಗ ಅಲ್ಲ, ಬದುಕುವ ಜಾಗ. ಮಲೆನಾಡನ್ನೂ ಸರೋವರ ನಾಡನ್ನೂ ಅಳತೆಗೋಲಾಗಿ ಹಿಡಿಯುವ ನಮ್ಮ ರಮ್ಯ ವಿಮರ್ಶೆಗೆ ಇದು ಬೇಕಾದ ತಿದ್ದುಪಡಿ ಎಂದು ಈ ಲೇಖಕನ ಎಣಿಕೆ. ಪೆನುಗೊಂಡೆಯ ಬೆಟ್ಟವನ್ನು ಕುರಿತು ಶರ್ಮರು ಬರೆದ ತೆಲುಗು ಗೀತೆಯಲ್ಲಿ ಬಂಡೆಯ ಚೆಲುವೂ ಅಳಿದ ರಾಜ್ಯದ ಸಂಕಟವೂ ಬೇರೆ ಬೇರೆಯಾಗಿಲ್ಲ. 1565ರ ಯುದ್ಧದ ನಂತರ ವಿಜಯನಗರದ ಅರಸರಿಗೆ ಆಸರೆಯಾದ ಬೆಟ್ಟವದು. ನಿವೃತ್ತಿಯ ನಂತರ ಅವರು ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಸ್ವರ ಕೂಡಿಸಿದರು, 1974ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿ ಪಡೆದರು, 1979ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ ಎಂಬ ಪುಸ್ತಕಗಳನ್ನು ಬರೆದರು.

ಅದೇ ಬೆಟ್ಟದ ಬುಡದಲ್ಲಿ ಬೆಳೆದ ಇನ್ನೊಬ್ಬ ಕವಿ ಪುಟ್ಟಪರ್ತಿ ನಾರಾಯಣಾಚಾರ್ಯರು (1914–1990). ಪೆನುಗೊಂಡೆಯಲ್ಲಿದ್ದ ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿಯಿಂದ ಇಂಗ್ಲಿಷ್ ಸಾಹಿತ್ಯದ ಪಾಠ ಹೇಳಿಸಿಕೊಂಡರು. ಹುಡುಗನಾಗಿದ್ದಾಗಲೇ ‘ಪೆನುಗೊಂಡ ಲಕ್ಷ್ಮಿ’ ಕಾವ್ಯ ಬರೆದರು. ಮುಂದೆ ವಿದ್ವಾನ್ ಪರೀಕ್ಷೆಗೆ ಅದೇ ಪಠ್ಯವಾಗಿ, ತಮ್ಮ ಕಾವ್ಯದ ಮೇಲೆ ತಾವೇ ಪರೀಕ್ಷೆ ಬರೆಯಬೇಕಾಯಿತು.

ಕಾವ್ಯದ ಹೊರಗೂ ಈ ಸೀಮೆಯಲ್ಲಿ ನೋಡತಕ್ಕದ್ದಿದೆ. ಹಿಂದೂಪುರದ ಹತ್ತಿರ, ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಮರಿ ಮಾಡಲು ಬರುತ್ತವೆ. ಊರಾಚೆಯ ಕಾಡಿಗಲ್ಲ, ಮನೆಗಳ ನಡುವಿನ ಮರಗಳಿಗೆ. ಹಳದಿ ಕೊಕ್ಕು, ಬಿಳಿ ಮೈಯ ಹಿಂಬದಿಯಲ್ಲಿ ಗುಲಾಲು ಎರಚಿದ ಹಾಗೆ ನಸುಗೆಂಪು. ಮರದಡಿ ಹಿಕ್ಕೆ, ಮೀನಿನ ವಾಸನೆ, ಮರಿಗಳ ಗಲಾಟೆ. ಊರವರು ಅದನ್ನೆಲ್ಲ ಸಹಿಸಿಕೊಂಡು ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎನ್ನುತ್ತಾರೆ, ಕಲ್ಲು ಬೀಸಲು ಬಿಡುವುದಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನದೂ ಇಂಥದೇ ಕಥೆ. ಹಕ್ಕಿಗಳು ಉಳಿಯಬೇಕಾದರೆ ಸುತ್ತಲ ಕೆರೆಗಳಲ್ಲಿ ನೀರು, ನೀರಿನಲ್ಲಿ ಮೀನು ಉಳಿಯಬೇಕು. ಬಾಳುವ ಆನಂದಕ್ಕೆ ಇಲ್ಲಿ ಕೆರೆಯ ಹೂಳೆತ್ತುವುದೂ ಸೇರುತ್ತದೆ.

ಅರಿವು ಮತ್ತು ಆನಂದ

ಮಳೆಬಿಲ್ಲನ್ನು ವಿಜ್ಞಾನ ಬಿಡಿಸಿ ಇಟ್ಟರೆ ಅದರ ಮೋಡಿ ಹೋಗುತ್ತದೆ ಎಂದು ಕೀಟ್ಸ್ 1820ರ ‘ಲೇಮಿಯಾ’ ಕಾವ್ಯದಲ್ಲಿ ಆತಂಕಪಟ್ಟ. ರೊದ್ದಂ ಎಂಬ ಊರ ಹೆಸರನ್ನು ಹೊತ್ತ ಒಂದು ಮನೆತನ ಆ ಆತಂಕಕ್ಕೆ ತನ್ನ ಕೆಲಸದಿಂದಲೇ ಉತ್ತರ ಕೊಟ್ಟಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ಆರ್.ಎಲ್. ನರಸಿಂಹಯ್ಯನವರು ‘ನಕ್ಷತ್ರ ದರ್ಶನ’, ‘ಜಗತ್ತುಗಳ ಹುಟ್ಟು ಸಾವು’ ಪುಸ್ತಕಗಳಿಂದ ಕನ್ನಡಿಗರಿಗೆ ಆಕಾಶ ನೋಡುವುದನ್ನು ಕಲಿಸಿದರು. ಅವರ ಮಗ ರೊದ್ದಂ ನರಸಿಂಹ (1933–2020) ವಾಯುಯಾನ ವಿಜ್ಞಾನಿಯಾಗಿ ಹೆಸರಾದವರು. 2013ರಲ್ಲಿ ಪದ್ಮವಿಭೂಷಣ ಪಡೆದರು. ಬೆಂಗಳೂರಿನ ಜಕ್ಕೂರಿನ ಪ್ರಯೋಗಶಾಲೆಯಲ್ಲಿ ಅವರೂ ಸಂಗಡಿಗರೂ ನೀರಿನ ತೊಟ್ಟಿಯೊಳಗೆ ಮೇಲೇರುವ ಬಿಸಿನೀರಿನ ಧಾರೆಯನ್ನು ವಿದ್ಯುತ್ತಿನಿಂದ ನಡುದಾರಿಯಲ್ಲಿ ಮತ್ತೆ ಕಾಯಿಸಿ, ಹೂಕೋಸಿನಂತೆ ಉಬ್ಬುವ ಮೋಡದ ಆಕಾರವನ್ನು ತೋರಿಸಿದರು. ಆವಿ ಹನಿಯಾಗುವಾಗ ಹೊರಬರುವ ಶಾಖವೇ ಮೋಡದ ರೂಪವನ್ನು ತಿದ್ದುತ್ತದೆ ಎಂಬ ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಇದನ್ನು ತಿಳಿದ ಮೇಲೆ ಮುಂಗಾರಿನ ಮೋಡ ಮೊದಲಿಗಿಂತ ಹೆಚ್ಚು ಹೊತ್ತು ಕಣ್ಣನ್ನು ಹಿಡಿಯುತ್ತದೆ. ಕೀಟ್ಸನ ಭಯ ಸುಳ್ಳಾದ ಜಾಗ ಇದು.

ಆಕ್ಷೇಪಗಳು

ಆಲ್ಡಸ್ ಹಕ್ಸ್‌ಲಿ 1929ರ ಪ್ರಬಂಧವೊಂದರಲ್ಲಿ, ವರ್ಡ್ಸ್‌ವರ್ತನ ನಿಸರ್ಗಪೂಜೆ ಪಳಗಿದ ಯುರೋಪಿಗೆ ಸರಿ, ಉಷ್ಣವಲಯದ ಕಾಡಿನಲ್ಲಿ ಅದು ನಿಲ್ಲದು ಎಂದು ವಾದಿಸಿದ. ಜಿಗಣೆ, ಹುಲಿ, ಕೆಸರುಗಳ ನಡುವೆಯೇ ಬೆರಗನ್ನು ಕಾಣಿಸಿದ ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ (1967) ಆ ವಾದವನ್ನು ಹುಸಿ ಮಾಡಿತು. ಕನ್ನಡದೊಳಗಿನ ಆಕ್ಷೇಪ ಇದಕ್ಕಿಂತ ಗಟ್ಟಿ. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ (1959) ತಾಯಿಯಾದ ಭೂಮಿಯ ಕ್ರೌರ್ಯವನ್ನು ಎದುರಿಗಿಟ್ಟಿತು. ಬರಗಾಲದಲ್ಲಿ ಬೀಜದ ಕಡಲೆಕಾಯಿಯನ್ನೂ ಕಳೆದುಕೊಂಡ ರೈತನ ಮುಂದೆ ನಿಸರ್ಗದ ನಿತ್ಯಾನಂದವನ್ನು ಹೇಳುವುದು ಕಷ್ಟ. ಹೇಳುವವರು ಮೊದಲು ಆ ಹೊಲದ ಬದುವಿನ ಮೇಲೆ ನಿಲ್ಲಬೇಕು. ಗಡಿನಾಡಿನ ಕವಿಗಳು ನಿಂತಿದ್ದರು. ಅವರ ಆನಂದದಲ್ಲಿ ನಷ್ಟದ ಲೆಕ್ಕವೂ ಇದೆ, ಅದಕ್ಕೇ ಅದು ನಂಬತಕ್ಕದ್ದು.

ನವೋದಯವನ್ನು ಕಲಿಸುವ ನಮ್ಮ ತರಗತಿಗಳಲ್ಲಿ ಕುವೆಂಪು, ಬೇಂದ್ರೆ, ಪು.ತಿ.ನ. ಅವರ ಜೊತೆಗೆ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರ ಕನ್ನಡ ಪುಸ್ತಕಗಳನ್ನೂ ಓದಿಸಬೇಕು. ಪಾವಗಡ, ಮಧುಗಿರಿ, ಗೌರಿಬಿದನೂರಿನ ಮಕ್ಕಳಿಗೆ ತಮ್ಮ ಬಂಡೆ ಬೆಟ್ಟಗಳೂ ಕವಿತೆಗೆ ಸಲ್ಲುತ್ತವೆ ಎಂದು ತಿಳಿಯಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ.