ಹಿಮ್ಮೇಳದವರ ಚರಿತ್ರೆ: ಮಸೂತಿ ಸೀಮೆಯ ಭಜನೆ

ಭಜನೆಯ ಬಗ್ಗೆ ಬರೆಯುವವರು ಪದ ಕಟ್ಟಿದವರ ಹೆಸರು ಹೇಳುತ್ತಾರೆ, ಉಪದೇಶ ಕೊಟ್ಟ ಗುರುಗಳ ಹೆಸರು ಹೇಳುತ್ತಾರೆ, ಮುಂದೆ ಕೂತು ಪೇಟಿ ಹಿಡಿದವರ ಹೆಸರನ್ನೂ ಹೇಳುತ್ತಾರೆ. ಅವರ ಬೆನ್ನಿಗೆ ಕೂತು ಪಲ್ಲವಿಯನ್ನು ತಿರುತಿರುಗಿ ಎತ್ತಿಕೊಂಡು, ತಾಳ ಹಾಕುತ್ತ ಬೆಳಗು ಮಾಡಿದವರ ಸುದ್ದಿ ಎಲ್ಲಿಯೂ ಬರುವುದಿಲ್ಲ. ನಮ್ಮ ಭಾಗದ ಭಜನೆಯನ್ನು ಎಂಟುನೂರು ವರ್ಷ ಕಾಯ್ದುಕೊಂಡು ಬಂದವರು ಈ ಹಿಂದಿನ ಸಾಲಿನವರೇ ಎಂಬುದು ನನ್ನ ನಂಬಿಕೆ. ಈ ಸಂಚಿಕೆಗಾಗಿ ಅವರ ಕಡೆಯಿಂದಲೇ ಈ ಚರಿತ್ರೆಯನ್ನು ನೋಡಿದ್ದೇನೆ.

ಮಸೂತಿ ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಊರು. ಒಂದು ಕಡೆ ಬಸವಣ್ಣನವರ ಬಾಗೇವಾಡಿ, ಇಂಗಳೇಶ್ವರ. ಇನ್ನೊಂದು ಕಡೆ ಏಳೂರ ದೊರೆ ಎಂದು ಭಕ್ತರು ಕರೆಯುವ ಯಲಗೂರದ ಹಣಮಪ್ಪ. ಕೃಷ್ಣೆಯನ್ನು ದಾಟಿದರೆ ಕೂಡಲಸಂಗಮ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಈ ಸೀಮೆಯ ನೆಲದ ಚಹರೆಯೇ ಬದಲಾಯಿತು. ಹೊಳೆದಂಡೆಯ ಎಷ್ಟೋ ಊರುಗಳು ಗುಡಿ, ಮನೆ, ಹೊಲ ಬಿಟ್ಟು ದಿನ್ನೆಗೆ ಬಂದವು. ಈಗ ಕೂಡಗಿಯ 2400 ಮೆಗಾವಾಟಿನ ವಿದ್ಯುತ್ ಸ್ಥಾವರದ ಚಿಮಣಿಗಳು ದೂರದ ಹೊಲಗಳಿಂದಲೂ ಕಾಣುತ್ತವೆ. ಇಷ್ಟೆಲ್ಲ ಆದರೂ ಅಮಾವಾಸ್ಯೆಯ ರಾತ್ರಿ ಗುಡಿಯಲ್ಲಿ ತಾಳದ ಸದ್ದು ನಿಂತಿಲ್ಲ.

ಆ ರಾತ್ರಿಯ ಕ್ರಮ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಊಟ ಮುಗಿಸಿ, ದನಗಳಿಗೆ ಮೇವು ಹಾಕಿ ಬರುವಷ್ಟರಲ್ಲಿ ಒಂಬತ್ತು ದಾಟಿರುತ್ತದೆ. ಗುಡಿಯ ಕಟ್ಟೆಯ ಮೇಲೆ ಜಮಖಾನೆ ಹಾಸಿ, ನಡುವೆ ಪೇಟಿ, ಅದರ ಬಲಕ್ಕೆ ತಬಲಾ. ಪೇಟಿ ಮಾಸ್ತರು ಸೂರು ಹಿಡಿದು ಕೂತರೆ ತಬಲಾದವರು ಸಣ್ಣ ಸುತ್ತಿಗೆಯಿಂದ ಗಟ್ಟೆಗಳನ್ನು ಬಡಿದು ಆ ಸೂರಿಗೆ ಬರುವ ತನಕ ಯಾರೂ ಅವಸರ ಮಾಡುವಂತಿಲ್ಲ. ಮೃದಂಗವೇ ಇದ್ದ ಕಾಲದಲ್ಲಿ ಅದರ ಎಡಬಾಯಿಗೆ ಹಿಟ್ಟಿನ ಕಣಕ ಮೆತ್ತುತ್ತಿದ್ದರು. ಕಣಕ ಒಣಗಿ ನಾದ ಕೆಟ್ಟರೆ ನಡುರಾತ್ರಿಯಲ್ಲಿ ಮತ್ತೆ ಹಸಿ ಹಿಟ್ಟು ತರಿಸಬೇಕಾಗುತ್ತಿತ್ತು. ಏಕತಾರಿ, ದಮ್ಮಡಿ, ಚಿಟಿಕೆ, ಬಿಡಿ ತಾಳಗಳು ಹಿಂದಿನ ಸಾಲಿನವರ ಕೈಯಲ್ಲಿ. ಮೊದಲು ಗಣಪತಿಯ ಪದ, ಆಮೇಲೆ ಗುರುವಿನ ಪದ, ಅದರ ನಂತರ ವಚನ, ದಾಸರ ಪದ, ತತ್ವಪದ. ರಾತ್ರಿ ಏರಿದಂತೆ ಪದವೂ ಏರುತ್ತದೆ. ಎಲ್ಲರೂ ಎಚ್ಚರವಿದ್ದಾಗ ಕಥೆಯಿರುವ ಪದ ನಡೆಯುತ್ತದೆ. ಬೆಡಗಿನ ತತ್ವಪದಕ್ಕೆ ಎರಡು ಗಂಟೆ ಮೇಲಾಗಬೇಕು. ನಸುಕಿಗೆ ಮಂಗಳಾರತಿ, ಕೊಬ್ಬರಿ ಸಕ್ಕರೆ.

ಮುಮ್ಮೇಳದವನು ಒಂದು ನುಡಿ ಹೇಳಿ ಬಿಟ್ಟುಬಿಡುತ್ತಾನೆ. ಬಿಟ್ಟದ್ದನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ. ಅವನು ಉಸಿರು ತೆಗೆದುಕೊಳ್ಳುವುದು ಇವರ ದನಿಯ ನೆರಳಲ್ಲಿ. ನುಡಿ ಮರೆತರೆ ಹಿಂದಿನಿಂದ ಯಾರೋ ಎತ್ತಿಕೊಡುತ್ತಾರೆ. ಓದು ಬರಹ ಬಾರದವರೂ ಇನ್ನೂರು ಮುನ್ನೂರು ಪದಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡದ್ದು ಹೀಗೆ ವರ್ಷಗಟ್ಟಲೆ ಹಿಂದೆ ಕೂತದ್ದರಿಂದ. ಗಟ್ಟಿಯಾಗಿ ಹಾಡಲು ನಾಚುವ ಹುಡುಗ ಹತ್ತು ಜನರ ನಡುವೆ ಕೂತು ದನಿ ಸೇರಿಸುತ್ತಾನೆ. ನಾಲ್ಕು ವರ್ಷಕ್ಕೆ ಅವನೇ ಮುಂದೆ ಬರುತ್ತಾನೆ. ಒಕ್ಕಲಿಗ, ಕುರುಬ, ನೇಕಾರ, ಬಡಿಗ, ಮುಸಲ್ಮಾನ ಎನ್ನದೆ ಒಂದೇ ಪಲ್ಲವಿಯನ್ನು ಒಂದೇ ಉಸಿರಿನಲ್ಲಿ ಎತ್ತಿಕೊಳ್ಳುವ ಅಭ್ಯಾಸ ಊರಿಗೆ ಏನು ಕೊಟ್ಟಿತು ಎಂಬುದನ್ನು ಅಳೆಯುವುದು ಕಷ್ಟ. ಆದರೆ ಹಗಲಲ್ಲಿ ಬದುವಿನ ಜಗಳ ಆಡಿದವರು ರಾತ್ರಿ ಒಂದೇ ಜಮಖಾನೆಯ ಮೇಲೆ ಕೂಡಬೇಕಾಗುತ್ತಿತ್ತು, ಕೂಡುತ್ತಿದ್ದರು.

ಇದರ ಬೇರು ಶರಣರ ಕಾಲಕ್ಕೆ ಹೋಗುತ್ತದೆ. ಹನ್ನೆರಡನೆಯ ಶತಮಾನದ ಶರಣರು ವಚನಗಳ ಜೊತೆಗೆ ಪಲ್ಲವಿ, ನುಡಿಗಳುಳ್ಳ ಸ್ವರವಚನಗಳನ್ನೂ ಕಟ್ಟಿದರು. ನಮ್ಮ ಪದದ ಅಚ್ಚು ಅಲ್ಲಿಯೇ ಇದೆ. ಮುಂದೆ ಆದಿಲಶಾಹಿ ಕಾಲ. 1580ರಿಂದ 1627ರ ತನಕ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹ ದಖನಿಯಲ್ಲಿ ‘ಕಿತಾಬೆ ನೌರಸ್’ ಎಂಬ ಹಾಡುಗಳ ಪುಸ್ತಕ ಬರೆದ. ರಾಗಕ್ಕೆ ಹೊಂದಿಸಿದ ಆ ಹಾಡುಗಳಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಕಲಬುರಗಿಯ ಬಂದೇನವಾಜರ ಸ್ತುತಿಯೂ ಇದೆ. ಹದಿನೇಳನೆಯ ಶತಮಾನದಲ್ಲಿ ಆದಿಲಶಾಹಿ ಚಾಕರಿ ಬಿಟ್ಟು ಸಾರವಾಡದ ಭಾಸ್ಕರಸ್ವಾಮಿಗಳ ಶಿಷ್ಯರಾದ ಮಹಿಪತಿದಾಸರು ಕಾಖಂಡಕಿಯಲ್ಲಿ ನೆಲೆನಿಂತರು. ಕನ್ನಡ, ಮರಾಠಿ, ಹಿಂದುಸ್ತಾನಿ ಮೂರರಲ್ಲೂ ಅವರು ಪದ ಕಟ್ಟಿದರು. ಸಂತೆಯಲ್ಲಿ ಯಾವ ಮಾತು ಕೇಳುತ್ತಿದ್ದವೋ ಅವೆಲ್ಲವೂ ಅವರ ಭಜನೆಯೊಳಗೆ ಬಂದವು. ದರಬಾರಿನ ಹಾಡು ದರಬಾರಿನೊಂದಿಗೆ ಹೋಯಿತು. ಮಹಿಪತಿದಾಸರ ಪದಗಳು ಇವತ್ತಿಗೂ ಬಾಯಲ್ಲಿವೆ. ಎತ್ತಿಕೊಳ್ಳುವ ಹಿಮ್ಮೇಳ ಇದ್ದದ್ದು ಯಾವುದಕ್ಕೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಭೀಮಾತೀರದ ಇಂಚಗೇರಿ ಸಂಪ್ರದಾಯದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಹಳೆಯ ಇಂಡಿ ತಾಲ್ಲೂಕಿನ ನಿಂಬರಗಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇದ್ದ ನಿಂಬರಗಿ ಮಹಾರಾಜರು ಲಿಂಗಾಯತರು. ಅವರಿಂದ ನಾಮ ಪಡೆದ ಭಾವುಸಾಹೇಬ ಮಹಾರಾಜರು ಜತ್ತ ಸೀಮೆಯ ಉಮದಿಯ ದೇಶಪಾಂಡೆ ಮನೆತನದ ಬ್ರಾಹ್ಮಣರು. ಇಂಚಗೇರಿಯಲ್ಲಿ ಮಠ ಕಟ್ಟಿದವರು ಅವರೇ. 1914ರಲ್ಲಿ ಅವರು ದೇಹ ಬಿಟ್ಟಾಗ ಸಮಾಧಿಯೂ ಅಲ್ಲಿಯೇ ಆಯಿತು. ಗುರು ಲಿಂಗಾಯತ, ಶಿಷ್ಯ ಬ್ರಾಹ್ಮಣ, ಅವರ ಸುತ್ತ ನೆರೆದವರು ಎಲ್ಲ ಜಾತಿಯ ರೈತಾಪಿ ಜನ. ನಾಮಸ್ಮರಣೆಯ ನೇಮ ಒಬ್ಬೊಬ್ಬರೇ ಕೂತು ಮಾಡುವಂಥದು, ಮಾತಿಲ್ಲದ್ದು. ಆ ನೇಮದಿಂದ ಎದ್ದವರನ್ನು ಮತ್ತೆ ಒಂದುಗೂಡಿಸುತ್ತಿದ್ದದ್ದು ಭಜನೆ. ನಸುಕಿನ ಕಾಕಡಾರತಿ, ದಾಸಬೋಧದ ವಾಚನ, ಸಂಜೆಯ ಭಜನೆ. ವರ್ಷದ ಸಪ್ತಾಹ ಬಂದರೆ ಏಳು ದಿನವೂ ಅದೇ. ರಾಮದಾಸರ ದಾಸಬೋಧ ಮರಾಠಿ ಗ್ರಂಥ, ಕೇಳುವವರಲ್ಲಿ ಬಹಳ ಜನ ಕನ್ನಡದವರು. ಒಂದು ಅಭಂಗದ ಹಿಂದೆಯೇ ಒಂದು ಕನ್ನಡ ಪದ, ಅದರ ಹಿಂದೆ ಇನ್ನೊಂದು ಅಭಂಗ. ಮರಾಠಿ ಬಾರದವನೂ ಅಭಂಗದ ಧ್ರುವಪದ ಎತ್ತಿಕೊಳ್ಳುತ್ತಾನೆ, ಕನ್ನಡ ಬಾರದ ಸೊಲ್ಲಾಪುರದ ಕಡೆಯವನೂ ನಮ್ಮ ಪಲ್ಲವಿಗೆ ದನಿಗೂಡಿಸುತ್ತಾನೆ. ಗಡಿಭಾಗದ ಹಿರಿಯರ ಪದದ ವಹಿಗಳಲ್ಲಿ ಮರಾಠಿ ಅಭಂಗಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿರುವುದು ಸಾಮಾನ್ಯ. ಗಡಿಯ ಬಗ್ಗೆ ಭಾಷಣಗಳು ಬಂದಾಗಲೆಲ್ಲ ಆ ವಹಿಗಳನ್ನೊಮ್ಮೆ ತೆರೆದು ನೋಡಬೇಕು ಎಂದು ನನಗೆ ಅನಿಸುತ್ತದೆ.

ಈ ಭಜನೆಯಿಂದಲೇ ಒಬ್ಬ ದೊಡ್ಡ ವಿದ್ವಾಂಸರು ಮೇಲೆದ್ದರು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರು ವಿದ್ಯಾರ್ಥಿಯಾಗಿದ್ದಾಗಲೇ ಭಾವುಸಾಹೇಬರಿಂದ ನಾಮ ಪಡೆದವರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಯಾಗಿ ಕೆಲಸ ಮಾಡಿದರೂ ಅವರ ಮನಸ್ಸು ಇದ್ದದ್ದು ಇಂಡಿ ತಾಲ್ಲೂಕಿನ ನಿಂಬಾಳದಲ್ಲಿ, ರೈಲ್ವೆ ಠಾಣೆಯ ಬಳಿಯ ತಮ್ಮ ಆಶ್ರಮದಲ್ಲಿ. ಪಾಶ್ಚಾತ್ಯ ತತ್ವಜ್ಞಾನ ಓದಿದ ವಿದ್ಯಾರ್ಥಿಗಳು ಉತ್ತರ ಭಾರತದಿಂದ ಬಂದು ನಮ್ಮ ಕಡೆಯ ರೈತರ ಪಕ್ಕದಲ್ಲಿ ಕೂತು ಪದ ಕೇಳಿದರು. 1957ರ ಜೂನ್ 6ರಂದು ಅವರು ನಿಂಬಾಳದಲ್ಲಿಯೇ ತೀರಿಕೊಂಡರು. ಕನ್ನಡ ಸಂತರ ಪದಗಳ ಮೇಲೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅವರು ಕೊಟ್ಟ ಉಪನ್ಯಾಸಗಳು ‘ಪಾಥ್‌ವೇ ಟು ಗಾಡ್ ಇನ್ ಕನ್ನಡ ಲಿಟರೇಚರ್’ ಎಂಬ ಪುಸ್ತಕವಾಗಿ ಹೊರಬಂದದ್ದು ಅವರು ಹೋದ ಮೇಲೆ, 1960ರಲ್ಲಿ. ಉಪನಿಷತ್ತುಗಳನ್ನು ಓದುವ ಶ್ರದ್ಧೆಯಿಂದಲೇ ಅವರು ಶರಣರ, ದಾಸರ, ತತ್ವಪದಕಾರರ ಮಾತನ್ನು ಓದಿದರು. ಏಕತಾರಿಯವರ ಪದವನ್ನು ವಿಶ್ವವಿದ್ಯಾಲಯದ ವೇದಿಕೆಗೆ ಅದೇ ಗೌರವದಿಂದ ಒಯ್ದ ಇಂಥ ಪ್ರಾಧ್ಯಾಪಕರು ಬಹಳ ಜನರಿಲ್ಲ.

ಇದೇ ಇಂಚಗೇರಿಯ ಇನ್ನೊಂದು ಕವಲು ಮುಂಬಯಿಗೆ ಹೋಯಿತು. ಭಾವುಸಾಹೇಬರ ಶಿಷ್ಯರು ಸಿದ್ಧರಾಮೇಶ್ವರ ಮಹಾರಾಜರು, ಅವರ ಶಿಷ್ಯರು ನಿಸರ್ಗದತ್ತ ಮಹಾರಾಜರು. 1973ರಲ್ಲಿ ‘ಐ ಆಮ್ ದಟ್’ ಪುಸ್ತಕ ಬಂದ ಮೇಲೆ ಯುರೋಪು, ಅಮೆರಿಕದವರು ಮುಂಬಯಿಯ ಖೇತವಾಡಿಯಲ್ಲಿದ್ದ ಅವರ ಪುಟ್ಟ ಕೋಣೆಯನ್ನು ಹುಡುಕಿಕೊಂಡು ಬಂದರು. ಜ್ಞಾನದ ಮಾತು ಎಷ್ಟೇ ಎತ್ತರಕ್ಕೆ ಹೋದರೂ ಗುರು ಹೇಳಿಕೊಟ್ಟ ಭಜನೆಯನ್ನು ನಿಸರ್ಗದತ್ತರು ಬಿಡಲಿಲ್ಲ. ಇತ್ತ ಇಂಚಗೇರಿಯಲ್ಲಿ ಮಾಧವಾನಂದ ಪ್ರಭೂಜಿಯವರು ಭಜನೆಗೆ ನೆರೆದ ಜನರನ್ನೇ ಸ್ವಾತಂತ್ರ್ಯ ಹೋರಾಟಕ್ಕೂ ಅಂತರ್ಜಾತಿ ವಿವಾಹಗಳಿಗೂ ಕರೆದೊಯ್ದರು. ಕೂಡಿ ಹಾಡುವುದು ಕೂಡಿ ಬಾಳುವುದಕ್ಕೆ ಅಭ್ಯಾಸವಾಯಿತು ಎಂದು ಹೇಳಲು ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಹಾಡು ಪುಸ್ತಕವಾದದ್ದು ಕಳೆದ ನೂರು ವರ್ಷಗಳ ಕಥೆ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರಿನ ಮಠ, ಮನೆಗಳಿಂದ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ. ಆ ಕೆಲಸಕ್ಕೆ ತಮ್ಮ ಗಳಿಕೆಯನ್ನೆಲ್ಲ ಸುರಿದರು. ಅತ್ತ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಎಂಬ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಬೀಸುವಾಗಲೂ ಇಬ್ಬರು ಎದುರುಬದುರು ಕೂತಿರುತ್ತಾರೆ. ಒಬ್ಬಳು ಎತ್ತಿದ್ದನ್ನು ಇನ್ನೊಬ್ಬಳು ಮುಗಿಸುತ್ತಾಳೆ. ಗುಡಿಯ ಕಟ್ಟೆಗೆ ಬರಲಾಗದ ಹೆಣ್ಣುಮಕ್ಕಳ ಭಜನೆ ನಡೆದದ್ದು ಅಲ್ಲಿಯೇ.

ಅಚ್ಚಾದ ವಚನ ಮತ್ತೆ ಜನರ ಬಾಯಿಗೆ ಬಂದದ್ದು ಗವಾಯಿಗಳಿಂದ. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಪುಟ್ಟರಾಜ ಗವಾಯಿಗಳು 2010ರ ತನಕ ನಡೆಸಿದರು. ಆಶ್ರಮದಲ್ಲಿ ಕಲಿತವರು ಶ್ರಾವಣ ಬಂತೆಂದರೆ ಪೇಟಿ, ತಬಲಾ ಸಮೇತ ನಮ್ಮ ಹಳ್ಳಿಗಳಿಗೆ ಪುರಾಣಕ್ಕೆ ಬರುತ್ತಾರೆ. ತಿಂಗಳು ಪೂರ್ತಿ ಊರವರ ಮನೆಗಳಲ್ಲಿ ಸರದಿಯ ಊಟ, ಸಂಜೆಗೆ ಶರಣರ ಚರಿತ್ರೆ, ನಡುನಡುವೆ ವಚನ. ಭೈರವಿ, ಯಮನ್ ಎಂಬ ಹೆಸರು ಗೊತ್ತಿಲ್ಲದೆಯೂ ಆ ರಾಗಗಳು ಊರಿನ ಕಿವಿಗೆ ಬಿದ್ದದ್ದು ಆ ಜಗುಲಿಗಳಲ್ಲಿ. ಮಲ್ಲಿಕಾರ್ಜುನ ಮನಸೂರರ ವಚನ ಗಾಯನ ರೇಡಿಯೋದಲ್ಲಿ ಬಂದಾಗ ಅದನ್ನು ಗುರುತಿಸುವ ಕಿವಿ ಹಳ್ಳಿಯಲ್ಲಿ ಆಗಲೇ ತಯಾರಾಗಿತ್ತು.

ಮೊಹರಂನ ಮಾತು ಹೇಳದೆ ಮುಂದೆ ಹೋಗಲಾಗದು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಮೇಳಗಳು ವಿಜಯಪುರ ಜಿಲ್ಲೆಯ ಉದ್ದಗಲಕ್ಕೂ ಇವೆ. ಹಾಡುವವರಲ್ಲಿ ಹಿಂದೂಗಳೇ ಹೆಚ್ಚಿರುವ ಮೇಳಗಳೂ ಕಡಿಮೆಯಿಲ್ಲ. ಭಜನೆಯಲ್ಲಿ ಪಲ್ಲವಿ ಎತ್ತಿಕೊಳ್ಳುವ ದನಿಯೇ ಅಲ್ಲಿ ಹಸೇನ್ ಹುಸೇನರ ದುಃಖ ಹಾಡುತ್ತದೆ. ಶಿಶುನಾಳ ಶರೀಫರ ಪದ, ಕಡಕೋಳ ಮಡಿವಾಳಪ್ಪನವರ ಪದ, ಅವರ ಶಿಷ್ಯರಾದ ಚೆನ್ನೂರ ಜಲಾಲ ಸಾಹೇಬರ ಪದ ನಮ್ಮ ಗುಡಿಗಳಲ್ಲಿ ಹಾಡುವಾಗ ಯಾರ ಜಾತಿಯನ್ನೂ ಯಾರೂ ಕೇಳಿದ್ದಿಲ್ಲ.

ಈಗಿನ ಸ್ಥಿತಿ ನನಗೆ ಕಳವಳ ತರುತ್ತದೆ. ಮೈಕು ಬಂದ ಮೇಲೆ ಅದು ಮುಂದಿನವನ ಬಾಯಿಗೇ ಹೋಯಿತು; ಹಿಂದಿನ ದನಿಗಳು ಅದರ ಅಬ್ಬರದಲ್ಲಿ ಮುಳುಗಿದವು. ಕ್ಯಾಸೆಟ್ಟು, ಮೊಬೈಲು ಎರಡೂ ಒಬ್ಬನ ಹಾಡನ್ನು ಕೇಳಿಸುತ್ತವೆ, ಎತ್ತಿಕೊಳ್ಳಲು ಕರೆಯುವುದಿಲ್ಲ. ಭಜನಾ ಸ್ಪರ್ಧೆಗಳು ಹುಡುಗರನ್ನು ಎಳೆದು ತಂದವು, ಅದು ಒಳ್ಳೆಯದೇ. ಆದರೆ ಹತ್ತು ನಿಮಿಷದ ಗಡಿಯಾರದ ಮುಂದೆ ತತ್ವಪದ ಬಾಯಿ ತೆರೆಯುವುದಿಲ್ಲ. ದುಡಿಯಲು ಪುಣೆ, ಗೋವಾಕ್ಕೆ ಹೋದವರ ಜಾಗ ಜಮಖಾನೆಯ ಮೇಲೆ ಖಾಲಿ ಬಿದ್ದಿದೆ.

ಸಮಾಧಾನ ಕೊಡುವುದು ಮಹಿಳಾ ಭಜನಾ ಮಂಡಳಿಗಳು. ಬೀಸುವ ಕಲ್ಲು ಹೋಗಿ ಗಿರಣಿ ಬಂದಾಗ ಹಾಡಲು ಜಾಗ ಕಳೆದುಕೊಂಡ ಹೆಣ್ಣುಮಕ್ಕಳು ಈಗ ಗುಡಿಯೊಳಗೆ ಪೇಟಿಯ ಎದುರಿಗೇ ಕೂತಿದ್ದಾರೆ. ಗಂಡಸರ ಸೂರಿಗೆ ಒಗ್ಗಿದ ಪೇಟಿ ಮಾಸ್ತರು ಇವರಿಗಾಗಿ ಸೂರು ಬದಲಿಸಿಕೊಳ್ಳುತ್ತಾರೆ, ತಬಲಾವನ್ನೂ ಮತ್ತೆ ಏರಿಸಬೇಕಾಗುತ್ತದೆ. ಇವರಲ್ಲಿ ಹಿಮ್ಮೇಳ ಇನ್ನೂ ತುಂಬಿದೆ, ಮಕ್ಕಳೂ ತೊಡೆಯ ಪಕ್ಕದಲ್ಲಿ ಕೂತಿರುತ್ತಾರೆ.

ಮನೆಯಲ್ಲಿ ಹಿರಿಯರ ಪದದ ವಹಿ ಇರುವವರಲ್ಲಿ ಒಂದು ಬೇಡಿಕೆ. ವಹಿಯಲ್ಲಿ ಪದ ಇರುತ್ತದೆ, ಮೇಲೆ ಒಂದು ಸಾಲಿನಲ್ಲಿ ಧಾಟಿಯ ಗುರುತೂ ಇರುತ್ತದೆ. ಆದರೆ ಆ ಧಾಟಿ ಯಾವುದು ಎಂದು ಬಲ್ಲವರು ಎಪ್ಪತ್ತು ದಾಟಿದ್ದಾರೆ. ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ; ಅದರ ಜೊತೆಗೆ ಆ ಹಿರಿಯರಿಂದ ಒಂದೊಂದು ಪದ ಹಾಡಿಸಿ ಮೊಬೈಲಿನಲ್ಲಿ ಹಿಡಿಯಿರಿ. ಯಾರಿಂದ ಕಲಿತರು, ಯಾವ ತಿಥಿಗೆ, ಯಾವ ಹೊತ್ತಿಗೆ ಹಾಡುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಿ. ಹಾಡಿಸುವಾಗ ಅವರನ್ನು ಒಬ್ಬರೇ ಕೂಡಿಸಬೇಡಿ. ಹಿಂದೆ ನಾಲ್ಕು ಜನ ತಾಳ ಹಿಡಿದು ಕೂತರೆ ಅವರಿಗೆ ಮರೆತ ನುಡಿಗಳೂ ನೆನಪಿಗೆ ಬರುತ್ತವೆ.